ತೇಗದ ಹಡಗು, ನನ್ನ ಸುಳ್ಳು

ನಾನು ಕದ್ದೆ. ನಡೆದದ್ದು ಇಷ್ಟೇ. ಇನ್ನೊಬ್ಬಳು ನಿಂತು ತನ್ನ ಮುತ್ತಜ್ಜಿಯ ಕತೆ ಹೇಳಬೇಕಾಗಿದ್ದ ಜಾಗದಲ್ಲಿ ನಾನು ಹೋಗಿ ನಿಂತೆ, ನನ್ನ ಮುತ್ತಜ್ಜನ ಮೇಲೆ ಸುಳ್ಳು ಕಟ್ಟಿದೆ, ಚಪ್ಪಾಳೆ ತೆಗೆದುಕೊಂಡು ಬಂದೆ. ಆಮೇಲೆ ಮಗ "ಹೋಗ್ಲಿ ಬಿಡಮ್ಮಾ, ಏನೋ ಮಿಸ್‌ಅಂಡರ್‌ಸ್ಟ್ಯಾಂಡಿಂಗ್" ಎಂದ. ತಪ್ಪು ತಿಳುವಳಿಕೆ ಯಾವುದೂ ಇರಲಿಲ್ಲ. ನನಗೆ ಎಲ್ಲವೂ ಸರಿಯಾಗಿಯೇ ತಿಳಿದಿತ್ತು.

ಆಗ ನಾವು ನೈರೋಬಿಯ ಲೊರೆಶೋದಲ್ಲಿದ್ದೆವು. ಗಂಡ ತೀರಿಕೊಂಡ ಮೇಲೆ ಮಗ ನನ್ನನ್ನು ಕಾರವಾರದಿಂದ ಕರೆಸಿಕೊಂಡಿದ್ದ. ಅವನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಸೊಸೆ ಮೈಸೂರಿನವಳು, ಗಿಗಿರಿಯ ಒಂದು ಆಫೀಸಿಗೆ ತಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ಮೊಮ್ಮಗಳಿಗೆ ಹನ್ನೊಂದು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ನಾನು ಓದಿದ್ದು ಮೂರನೆಯ ಇಯತ್ತೆ, ಇಂಗ್ಲಿಷ್ ಬಾರದು. ಅವಳಿಗೆ ನನ್ನಿಂದ ಏನಾದರೂ ಬೇಕಾದಾಗ ಮಾತ್ರ ಮುರುಕು ಕನ್ನಡ ಹೊರಗೆ ಬರುತ್ತಿತ್ತು.

ಮನೆಯಲ್ಲಿ ಇನ್ನೊಬ್ಬಳಿದ್ದಳು. ಮೊಂಬಾಸಾ ಕಡೆಯ ಹೆಂಗಸು, ನನಗಿಂತ ಎರಡು ಮೂರು ವರ್ಷ ಸಣ್ಣವಳಿರಬೇಕು. ಮೊಮ್ಮಗಳು ಹುಟ್ಟಿದಂದಿನಿಂದ ಎತ್ತಿ ಆಡಿಸಿದವಳು ಆಕೆಯೇ. ಎಲ್ಲರೂ ಆಯಾ ಎನ್ನುತ್ತಿದ್ದರು. ಆಕೆ ನನ್ನನ್ನು ಬೀಬಿ ಎಂದು ಕರೆಯುತ್ತಿದ್ದಳು, ಅವರ ಮಾತಿನಲ್ಲಿ ಅಜ್ಜಿ ಎಂದು ಅರ್ಥ. ತರಕಾರಿ ಮಾರುಕಟ್ಟೆಯಲ್ಲಿ ಕಲಿತ ನನ್ನ ಸ್ವಾಹಿಲಿಯಲ್ಲೇ ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದೆವು. ಆಕೆಯ ಚಹಾದ ಮಗ್ಗು ಬೇರೆ. ಕಂಠದಲ್ಲಿ ಎನಾಮಲು ಎದ್ದುಹೋಗಿದ್ದ ಮಗ್ಗು, ಹಿತ್ತಲ ಕಿಟಕಿಯ ಹೊರಗೆ ದಂಡೆಯ ಮೇಲೆ ಇರುತ್ತಿತ್ತು. ನಾನು ಬರುವ ಮೊದಲು ಹಾಗಿರಲಿಲ್ಲ. ಬಂದ ವಾರದಲ್ಲೇ ನಾನು ಬೇರೆ ಮಾಡಿದೆ. ಸೊಸೆ ಮುಖ ಸಣ್ಣದು ಮಾಡಿದಳು, ಮಗ ಪೇಪರು ಓದಿದ, ಆಯಾ ಮಗ್ಗು ತೆಗೆದುಕೊಂಡು ಹೊರಗೆ ಹೋದಳು. ನಮ್ಮ ಊರಲ್ಲಿ ಮರದ ಕೆಲಸಕ್ಕೆ ಬರುತ್ತಿದ್ದ ಸಿದ್ದಿಗಳಿಗೆ ನನ್ನ ಅಮ್ಮ ತೆಂಗಿನ ಗೆರಟೆಯಲ್ಲಿ, ಮೇಲಿನಿಂದ, ತಾಗದ ಹಾಗೆ ಮಜ್ಜಿಗೆ ಹೊಯ್ಯುತ್ತಿದ್ದಳು. ಅವರ ಹಿಂದಿನವರು ಆಫ್ರಿಕಾದಿಂದ ಬಂದವರು ಎಂದು ಊರಿಗೆಲ್ಲ ಗೊತ್ತಿತ್ತು. ಯಾಕೆ ಬಂದರು, ಯಾರು ತಂದರು ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ವರ್ಷ ಮೊಮ್ಮಗಳ ಶಾಲೆಯಲ್ಲಿ, ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಗುಲಾಮರ ವ್ಯಾಪಾರ ಹೇಗೆ ನಿಂತಿತು ಎಂಬ ಪಾಠ ನಡೆದಿತ್ತು. ಒಬ್ಬೊಬ್ಬ ಮಗು ಒಂದೊಂದು ವಿಷಯದ ಮೇಲೆ ಚಾರ್ಟು ಮಾಡಬೇಕು. ಚಾರ್ಟು ತೋರಿಸುವ ದಿನ ಆ ವಿಷಯ ಗೊತ್ತಿರುವ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಬರಬೇಕು. ಮೊಮ್ಮಗಳು ಒಂದು ಹಡಗನ್ನು ಆರಿಸಿಕೊಂಡಳು. ಮಗ ಕಾಲೇಜಿನ ಲೈಬ್ರರಿಯಿಂದ ದಪ್ಪ ಪುಸ್ತಕ ತಂದುಕೊಟ್ಟ. ಅದರಲ್ಲಿ ಪುಟದ ತುಂಬ ಆ ಹಡಗಿನ ಚಿತ್ರ. ಮೂರು ಕಂಬ, ಕಂಬದ ತುಂಬ ಹಾಯಿ, ಪಕ್ಕದಲ್ಲಿ ಸಾಲಾಗಿ ತೋಪಿನ ಕಿಂಡಿಗಳು.

ಪುಸ್ತಕದಲ್ಲಿ ಇದ್ದುದನ್ನು ಮಗ ಒಂದು ಆದಿತ್ಯವಾರ ಊಟದ ಮೇಲೆ ನಮಗೆಲ್ಲ ಕನ್ನಡದಲ್ಲಿ ಹೇಳಿದ. ಅದು ಇಂಗ್ಲಿಷರ ಯುದ್ಧದ ಹಡಗು, ಆದರೆ ಕಟ್ಟಿದ್ದು ಮುಂಬಯಿಯಲ್ಲಿ. ಇಂಗ್ಲೆಂಡಿನ ಓಕ್ ಮರ ಯುದ್ಧಗಳಲ್ಲಿ ಮುಗಿಯುತ್ತ ಬಂದಿದ್ದರಿಂದ ನಮ್ಮ ಕಡೆಯ ತೇಗಕ್ಕೆ ಕೈ ಹಾಕಿದರಂತೆ. ತೇಗದಲ್ಲಿ ಎಣ್ಣೆಯಿದೆ, ಹೊಡೆದ ಕಬ್ಬಿಣದ ಮೊಳೆಗೆ ತುಕ್ಕು ಹಿಡಿಯುವುದಿಲ್ಲ. ಗುಂಡು ಬಿದ್ದರೂ ಓಕಿನಷ್ಟು ಸಿಬಿರಾಗಿ ಹಾರುವುದಿಲ್ಲ. ಸಿಬಿರು ಚುಚ್ಚಿಯೇ ನಾವಿಕರು ಹೆಚ್ಚು ಸಾಯುತ್ತಿದ್ದರಂತೆ. ಇಷ್ಟು ಜೋರಿನಿಂದ ಕಟ್ಟಿದ ಹಡಗು ನೀರಿಗಿಳಿಯುವ ಹೊತ್ತಿಗೆ ಯುದ್ಧವೇ ಮುಗಿದುಹೋಗಿತ್ತು. ಇಂಗ್ಲೆಂಡಿಗೆ ಒಯ್ದು ಕಂಬ ಕಿತ್ತು, ಮೇಲೆ ಮಾಡು ಕಟ್ಟಿ, ವರ್ಷಗಟ್ಟಲೆ ಹೊಳೆಯ ಬಾಯಿಯಲ್ಲಿ ಕಟ್ಟಿಹಾಕಿದರು. ಆಮೇಲೆ ಯಾರಿಗೋ ನೆನಪಾಗಿ ತೋಪು ಕಡಿಮೆ ಮಾಡಿ, ಹಿಂಭಾಗ ಕತ್ತರಿಸಿ ಬೇರೆ ಆಕಾರ ಕೊಟ್ಟು, ಆಫ್ರಿಕಾದ ಈ ಸಮುದ್ರಕ್ಕೆ ಕಳಿಸಿದರು. ಇಲ್ಲಿ ಅದಕ್ಕೆ ಯುದ್ಧವಲ್ಲ, ಧೌ ಎಂಬ ಅರಬರ ಹಾಯಿಹಡಗುಗಳನ್ನು ಹಿಡಿಯುವ ಕೆಲಸ. ಅಡಿಯಲ್ಲಿ ಜನರನ್ನು ತುಂಬಿಕೊಂಡು ಓಡುವ ಧೌಗಳನ್ನು ಅಟ್ಟಿಸಿಕೊಂಡು ಹೋಗಬೇಕು. ಹಡಗು ದೊಡ್ಡದು, ದಂಡೆಯ ಹತ್ತಿರ ಬರಲಾಗದು. ಹಾಗಾಗಿ ಸಣ್ಣ ದೋಣಿಗಳಲ್ಲಿ ನಾವಿಕರು ಹುಟ್ಟು ಹಾಕುತ್ತ ಹೋಗಿ ಹಿಡಿಯುತ್ತಿದ್ದರು. ಉಗಿಯ ಹಡಗು ಬಂದ ಮೇಲೆ ಇದರ ಕೆಲಸ ಹೋಯಿತು. ಯಾವುದೋ ಬಂದರಿನಲ್ಲಿ ಸಾಮಾನು ತುಂಬುವ ಉಗ್ರಾಣ ಮಾಡಿದರು. ಕಡೆಗೆ ಒಡೆದು ಹಲಗೆ ಮಾರಿದರು.

"ಅಷ್ಟೇ ಹೌದಾ?" ಎಂದೆ ನಾನು. "ಒಂದೂ ಯುದ್ಧ ಮಾಡ್ಲಿಲ್ವಾ?"

"ಇಲ್ಲಮ್ಮಾ. ಒಂದೂ ಇಲ್ಲ."

"ಹಾಂಗಾದ್ರೆ ಪುಸ್ತಕದಲ್ಲಿ ಎಂತಕ್ಕೆ ಹಾಕಿದ್ರು?"

ಮಗ ನಕ್ಕ. ಆದರೆ ತೇಗ ಎಂದದ್ದಕ್ಕೇ ನನ್ನ ಕಿವಿ ನೆಟ್ಟಗಾಗಿತ್ತು. ನಮ್ಮದು ಕಾಳಿ ಹೊಳೆಯ ದಂಡೆ. ಮೇಲೆ ಹಳಿಯಾಳದ ಕಾಡಿನ ತೇಗ ಆ ಕಾಲದಲ್ಲಿ ಹೊಳೆಯಲ್ಲೇ ತೇಲಿಕೊಂಡು ಸಮುದ್ರದ ಬಾಯಿಗೆ ಬಂದು, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು ಎಂದು ನನ್ನ ಅಜ್ಜ ಹೇಳುತ್ತಿದ್ದ. ಹಸಿ ತೇಗ ನೀರಲ್ಲಿ ಮುಳುಗುತ್ತದೆ. ಅದಕ್ಕೆ ಬುಡದ ಸುತ್ತ ತೊಗಟೆ ಕೆತ್ತಿ ಮರವನ್ನು ನಿಂತಲ್ಲೇ ಕೊಲ್ಲುತ್ತಾರೆ. ಒಂದೆರಡು ವರ್ಷ ಒಣಗಲು ಬಿಟ್ಟು ಆಮೇಲೆ ಕಡಿಯುತ್ತಾರೆ. ಅಜ್ಜನ ಅಪ್ಪ ಆ ಕೆಲಸದಲ್ಲಿ ಇದ್ದವನು. ಕಡಿಯುವ ಕೆಲಸದಲ್ಲಲ್ಲ. ದಂಡೆಗೆ ಬಂದ ದಿಮ್ಮಿಯ ಸುತ್ತಳತೆ ಹಿಡಿದು, ತುದಿಗೆ ಸುತ್ತಿಗೆಯಿಂದ ಗುರುತು ಒತ್ತುವ ಕೆಲಸ. ಕೊಡಲಿ ಹಿಡಿದವರು ಸಿದ್ದಿಗಳು. ಇದನ್ನೂ ಅಜ್ಜನೇ ಹೇಳಿದ್ದ.

ಮಾರನೆಯ ದಿನ ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು ನಾನೂ ಆಯಾಳೂ ಬೇಳೆ ಆರಿಸುತ್ತಿದ್ದೆವು. ಮೊಮ್ಮಗಳು ಶಾಲೆಯಿಂದ ಬಂದವಳೇ ಪುಸ್ತಕ ತಂದು ನಮ್ಮ ನಡುವೆ ಬಿಚ್ಚಿದಳು. ಆಯಾ ಸೊಂಟಕ್ಕೆ ಸುತ್ತಿದ್ದ ಕಂಗ ಬಟ್ಟೆಯ ಸೆರಗಿನಲ್ಲಿ ಕೈ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ನಮ್ಮ ಅಜ್ಜಿಯ ಅಮ್ಮ ಇಂಥದರಲ್ಲೇ ಬಂದದ್ದು" ಎಂದಳು.

ನಾನು ಬೇಳೆಯಿಂದ ತಲೆ ಎತ್ತಲಿಲ್ಲ. ಮೊಮ್ಮಗಳು ಆಕೆಯ ಮೊಣಕಾಲಿಗೆ ಒರಗಿ ಕೂತು ಒಂದೊಂದೇ ಕೇಳಿದಳು. ಸ್ವಾಹಿಲಿ ಅವಳಿಗೆ ನೀರು ಕುಡಿದಷ್ಟು ಸಲೀಸು. ಆಯಾ ಹೇಳಿದ್ದು ಹೀಗೆ. ಆ ಹುಡುಗಿಗೆ ಆಗ ಆರೋ ಏಳೋ. ಊರಿನ ಹೆಸರು ನೆನಪಿಲ್ಲ, ದೊಡ್ಡ ಕೆರೆ ಇತ್ತು, ಅಮ್ಮ ಒನಕೆ ಹಿಡಿದು ಕುಟ್ಟುತ್ತಿದ್ದಳು ಎಂಬುದಷ್ಟೇ ನೆನಪು. ಎಷ್ಟೋ ದಿನ ನಡೆಸಿಕೊಂಡು ಬಂದು ಧೌದ ಅಡಿಯಲ್ಲಿ ಚಾಪೆ ಮುಚ್ಚಿ ಮಲಗಿಸಿದ್ದರು. ಬಿಳಿಯರು ಸಿಕ್ಕರೆ ನಿಮ್ಮನ್ನು ಬೇಯಿಸಿ ತಿನ್ನುತ್ತಾರೆ ಎಂದು ಧೌದವರು ಹೆದರಿಸಿದ್ದರು. ಅದಕ್ಕೆ ಬಿಳಿ ನಾವಿಕ ಎತ್ತಿಕೊಂಡಾಗ ಅವನ ಕೈ ಕಚ್ಚಿದಳಂತೆ. ಅವನು ಬಯ್ದ, ಆದರೆ ಬಿಡಲಿಲ್ಲ. ಮೇಲೆ ಒಯ್ದು ತನ್ನ ಅಂಗಿ ಹಾಕಿದ. ಅಂಗಿ ಪಾದದ ತನಕ ಬಂತು. ಹಡಗಿನ ಹಲಗೆ ಬಿಸಿಲಿಗೆ ಬೆಚ್ಚಗಿತ್ತು. ಅದರ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟಳು. ಆ ಹಲಗೆಗೆ ಎಣ್ಣೆಯ ವಾಸನೆ ಇತ್ತು ಎಂದು ಮುದುಕಿಯಾದ ಮೇಲೂ ಹೇಳುತ್ತಿದ್ದಳಂತೆ. ಹಡಗಿನವರು ಆಕೆಯನ್ನು ಮುಂಬಯಿಗೆ ಒಯ್ದು ಪಾದ್ರಿಗಳಿಗೆ ಒಪ್ಪಿಸಿದರು. ಅಲ್ಲಿ ಹೊಲಿಗೆ ಕಲಿಸಿದರು, ಹೊಸ ಹೆಸರು ಇಟ್ಟರು. ದೊಡ್ಡವಳಾದ ಮೇಲೆ ಮೊಂಬಾಸಾಕ್ಕೆ ತಂದು ಬಿಟ್ಟರು. ಅಲ್ಲೇ ಮದುವೆ, ಅಲ್ಲೇ ಮಕ್ಕಳು. ಆ ಚಾಪೆಯ ಹೆದರಿಕೆಗೆ ಸಾಯುವ ತನಕ ಮುಖದ ಮೇಲೆ ಹೊದಿಕೆ ಎಳೆದುಕೊಂಡವಳಲ್ಲ.

ಮೊಮ್ಮಗಳ ಬಾಯಿ ತೆರೆದೇ ಇತ್ತು. ನನಗೆ ಏನನಿಸಿತು ಎಂದು ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು. ನಾನು ಇಷ್ಟು ವರ್ಷ ಹೇಳಿದ ಯಾವ ಕತೆಗೂ ಆ ಹುಡುಗಿ ಹಾಗೆ ಕೂತಿರಲಿಲ್ಲ.

"ಎಣ್ಣೆ ವಾಸನೆ ಅಂದ್ರೆ ಅದು ನಮ್ಮ ತೇಗ" ಎಂದೆ. "ನನ್ನ ಮುತ್ತಜ್ಜನೇ ಕಡಿದದ್ದು."

ಅಲ್ಲಿಂದ ಸುರುವಾಯಿತು. ಆ ವಾರವೆಲ್ಲ ನಾನು ಮುತ್ತಜ್ಜನನ್ನು ಬೆಳೆಸಿದೆ. ಮೊದಲು ಮರ ಕಡಿದ. ಆಮೇಲೆ ಮುಂಬಯಿಗೆ ಹೋದ. ಆಮೇಲೆ ಹಡಗಿನ ಪಕ್ಕೆಲುಬಿಗೆ ಬೇಕಾದ ಬಾಗಿದ ಕೊಂಬೆಗಳನ್ನು ಕಣ್ಣಂದಾಜಿನಲ್ಲೇ ಆರಿಸಿದ. ಅವನು ಕಾಳಿ ಹೊಳೆಯ ದಂಡೆ ಬಿಟ್ಟು ಆಚೆ ಹೋದದ್ದೇ ಸುಳ್ಳು.

ಆಯಾ ಒಂದು ದಿನ ಬಟ್ಟೆ ಒಣಹಾಕುತ್ತ ಕೇಳಿದಳು, "ಬೀಬಿ, ಸೋಮವಾರ ಹತ್ತು ಮರ ಅಂದಿರಿ. ಇವತ್ತು ಕಾಡೇ ಹೋಯಿತಲ್ಲ? ನಾಳೆ ನಿಮ್ಮ ಮುತ್ತಜ್ಜನೇ ತೋಪು ಹಾರಿಸುತ್ತಾನೋ?"

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಮೈ ಉರಿಯಿತು.

ಆದರೆ ಹುಡುಗಿ ತೀರ್ಮಾನ ಮಾಡಿಯಾಗಿತ್ತು. ಶಾಲೆಗೆ ಕರೆದುಕೊಂಡು ಹೋಗುವುದು ಆಯಾಳನ್ನು. ರಾತ್ರಿಯ ಊಟಕ್ಕೆ ಕೂತಾಗ ಹೇಳಿದಳು. ಸೊಸೆ, "ವೆರಿ ನೈಸ್, ಒಳ್ಳೇ ಐಡಿಯಾ ಪುಟ್ಟಾ" ಎಂದಳು.

"ಎಂತದು ನೈಸು?" ಎಂದೆ. "ಮನೆಯ ಹಿರಿಯರು ಅಂತ ಅಲ್ವಾ ಹೇಳಿದ್ದು? ನಾ ಸತ್ತೋಗಿದ್ನಾ?"

"ಹಾಗಲ್ಲ ಅತ್ತೆ, ಅವಳ ಪ್ರಾಜೆಕ್ಟ್ ಅಲ್ವಾ..."

"ಆ ಮಂಗಳೂರಿನ ಡಾಕ್ಟ್ರ ಹೆಂಡ್ತಿ ಬರ್ತದೆ, ಅವರ ಮಾವ ಬರ್ತಾರೆ. ನಾವು ಕೆಲಸದವಳನ್ನ ಕರ್ಕೊಂಡು ಹೋಗೂದಾ? ನಾಳೆ ಕನ್ನಡದೋರೆಲ್ಲ ಸೇರಿದಲ್ಲಿ ಇದೇ ಮಾತು."

ಮಗ ಅನ್ನಕ್ಕೆ ಸಾರು ಕಲಸುತ್ತ, "ನೀವೇ ಡಿಸೈಡ್ ಮಾಡಿ" ಎಂದ. ಅವನು ಯಾವಾಗಲೂ ಹಾಗೆಯೇ.

ಹುಡುಗಿ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದಳು. ಅರ್ಥವಾಗಲಿಲ್ಲ, ಆದರೆ "ಪ್ರಾಮಿಸ್" ಎಂದದ್ದು ತಿಳಿಯಿತು. ಆಯಾಳಿಗೆ ಮಾತು ಕೊಟ್ಟಿದ್ದಳು.

ಚಾರ್ಟು ತೋರಿಸುವ ದಿನ ಬೆಳಗ್ಗೆ ಆಯಾ ಹಿತ್ತಲ ಕೋಣೆಯಿಂದ ಬಂದಾಗ ಇಗರ್ಜಿಗೆ ಹಾಕುವ ನೀಲಿ ಫ್ರಾಕು ಹಾಕಿದ್ದಳು. ತಲೆಗೆ ಬಿಳಿ ಟೋಪಿ, ಕಾಲಿಗೆ ಬೂಟು. ಕೈಯಲ್ಲಿ ಚರ್ಮದ ಚೀಲ. ನಾನು ರೇಷ್ಮೆ ಸೀರೆ ಉಟ್ಟು ಹಾಲ್‌ನಲ್ಲಿ ಕೂತಿದ್ದೆ. ಮಗ, ಸೊಸೆ ಆಗಲೇ ಕೆಲಸಕ್ಕೆ ಹೋಗಿದ್ದರು. ಶಾಲೆಯ ವ್ಯಾನು ಹೊರಗೆ ನಿಂತಿತ್ತು.

"ಇವತ್ತು ನೀರಿನ ಟ್ಯಾಂಕರ್ ಬರುತ್ತದೆ" ಎಂದೆ ಆಯಾಳಿಗೆ. "ಮನೆಯಲ್ಲಿ ಯಾರಾದರೂ ಇರಬೇಕು."

ಟ್ಯಾಂಕರ್ ಬರುವುದು ಗುರುವಾರ. ಅಂದು ಮಂಗಳವಾರ. ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಆಕೆ ನನ್ನ ಸೀರೆ ನೋಡಿದಳು. "ಹಯಾ" ಎಂದಳು, ಆಗಲಿ ಎಂದು. ಮೊಮ್ಮಗಳು ಬಾಗಿಲಲ್ಲಿ ಚಾರ್ಟು ಸುತ್ತಿ ಹಿಡಿದು ನಿಂತಿದ್ದಳು, ಅಲ್ಲಿಂದ ಅಲುಗಲಿಲ್ಲ. ನಾನು ಅವಳ ರಟ್ಟೆ ಹಿಡಿದು ವ್ಯಾನಿಗೆ ಹತ್ತಿಸಿದೆ.

ಶಾಲೆಯ ದೊಡ್ಡ ಕೋಣೆಯ ಗೋಡೆಗೆಲ್ಲ ಚಾರ್ಟು ತೂಗುಹಾಕಿದ್ದರು. ಡಾಕ್ಟರ ಹೆಂಡತಿ ನನ್ನನ್ನು ನೋಡಿ, "ಅಮ್ಮ, ನೀವೇ ಬಂದ್ರಾ, ಎಷ್ಟು ಚಂದ ಸೀರೆ ಮಾರಾಯ್ರೆ" ಎಂದಳು. ನನಗೆ ಬೇಕಾಗಿದ್ದುದು ಅಷ್ಟೇ, ಸಿಕ್ಕಿತು. ಮೊಮ್ಮಗಳ ಚಾರ್ಟಿನಲ್ಲಿ ಮೇಲೆ ಹಡಗು, ಕೆಳಗೆ ಒಂದು ಪಕ್ಕ ತೇಗದ ಮರ, ಇನ್ನೊಂದು ಪಕ್ಕ ಪಾದದ ತನಕ ಅಂಗಿ ಹಾಕಿದ ಸಣ್ಣ ಹುಡುಗಿ. ಮರದ ಕೆಳಗಿನ ಚೀಟಿಯಲ್ಲಿ ನನ್ನ ಮುತ್ತಜ್ಜ. ನನ್ನ ಒತ್ತಾಯಕ್ಕೆ ಅಂಟಿಸಿದ್ದು.

ನಮ್ಮ ಸರದಿ ಬಂತು. ನಾನು ಕನ್ನಡದಲ್ಲಿ ಹೇಳುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ತಿರುಗಿಸುವುದು. ನಾನು ಗಂಟಲು ಸರಿಮಾಡಿಕೊಂಡು ಮುತ್ತಜ್ಜನನ್ನು ಕಾಡಿಗೆ ಹೊಗಿಸಿದೆ, ಮರ ಕಡಿಸಿದೆ, ಮುಂಬಯಿಗೆ ಕಳಿಸಿದೆ. ಅಲ್ಲಿಗೂ ಸಾಲದೆ, ಹಡಗು ನೀರಿಗಿಳಿಯುವಾಗ ತೆಂಗಿನಕಾಯಿ ಒಡೆದವನೂ ಅವನೇ ಎಂದೆ. ಮೊಮ್ಮಗಳು ನೆಲ ನೋಡುತ್ತ ಎಲ್ಲವನ್ನೂ ತಿರುಗಿಸಿದಳು. ಒಂದೂ ಬಿಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಟೀಚರು, ಎತ್ತರದ ಕಿಕುಯು ಜನಾಂಗದ ಹೆಂಗಸು, ಚಿತ್ರದ ಹುಡುಗಿಯ ಮೇಲೆ ಬೆರಳಿಟ್ಟು ಏನೋ ಕೇಳಿದರು.

"ಈ ಗರ್ಲ್ ಯಾರು ಅಂತ ಕೇಳ್ತಿದ್ದಾರೆ ಅಜ್ಜಿ" ಎಂದಳು ಮೊಮ್ಮಗಳು. "ನಾ ಹೇಳ್ಲಾ?"

ಹೇಳು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಆ ಹುಡುಗಿ ಯಾರು ಎಂದರೆ ಆಯಾಳ ಮಾತು ಬರುತ್ತದೆ, ಆಯಾ ಯಾಕೆ ಬರಲಿಲ್ಲ ಎಂದು ಬರುತ್ತದೆ. ಡಾಕ್ಟರ ಹೆಂಡತಿ ಎದುರಿಗೇ ನಿಂತಿದ್ದಳು.

"ಅದು ಯಾರೋ ಹೇಳಿದ ಸುಳ್ಳು ಕತೆ, ಚಂದ ಕಾಣ್ತದೆ ಅಂತ ಬರೆದದ್ದು ಅಂತ ಹೇಳು" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಟೀಚರ ಕಡೆ ತಿರುಗಿ ಹೇಳಿದಳು. ಸಣ್ಣ ದನಿಯಲ್ಲಿ, ಆದರೆ ಹೇಳಿದಳು. ಹೇಳಿದ ಮಾತು ಕೇಳುವ ಮಗು. ಹಾಗೆ ಬೆಳೆಸಿದ್ದು ನಾನಲ್ಲ, ಆಯಾ.

ಮನೆಗೆ ಬಂದಾಗ ಆಯಾ ದಿನದ ಬಟ್ಟೆಯಲ್ಲಿದ್ದಳು, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ನೀಲಿ ಫ್ರಾಕನ್ನು ಒಗೆದು ತಂತಿಯ ಮೇಲೆ ಹಾಕಿದ್ದಳು. ಎರಡು ಗಳಿಗೆ ಹಾಕಿದ ಬಟ್ಟೆಯನ್ನು ಯಾಕೆ ಒಗೆದಳೋ. ಹುಡುಗಿ ಚೀಲ ಕೂಡ ಇಳಿಸದೆ ನೇರ ಆಕೆಯ ಹತ್ತಿರ ಹೋದಳು. ನನ್ನೆದುರಿಗೇ, ನನಗೆ ತಿಳಿಯುವ ಸ್ವಾಹಿಲಿಯಲ್ಲೇ ಹೇಳಿದಳು.

"ಆ ಹುಡುಗಿ ಸುಳ್ಳು ಅಂತ ನಾನು ಹೇಳಿದೆ. ಎಲ್ಲರ ಮುಂದೆ. ನನ್ನ ಬಾಯಲ್ಲೇ ಹೇಳಿದೆ."

ಹೇಳಿ ಅತ್ತಳು. ಆಯಾ ಚಾಕು ಕೆಳಗಿಟ್ಟು ಅವಳ ಚೀಲ ಇಳಿಸಿದಳು. "ಪೋಲೆ, ಮಗಳೇ" ಎಂದಳು, ಪಾಪ ಎಂದು ಸಂತೈಸುವ ಮಾತು ಅದು. "ಹೋಗಿ ಮುಖ ತೊಳಕೋ." ಅವಳು ಹೋದ ಮೇಲೆ ನನ್ನ ಕಡೆ ತಿರುಗಿದಳು. ಬೊಬ್ಬೆ ಹೊಡೆದಿದ್ದರೆ ನಾನೂ ಹೊಡೆಯಬಹುದಿತ್ತು.

"ಬೀಬಿ, ನನ್ನನ್ನು ಬಿಟ್ಟು ಹೋದಿರಿ, ಆಗಲಿ. ಮನೆ ನಿಮ್ಮದು. ನಿಮ್ಮ ಮುತ್ತಜ್ಜನನ್ನು ರಾಜ ಮಾಡಿ, ಅದೂ ಆಗಲಿ. ನಮ್ಮ ಮುತ್ತಜ್ಜಿಗೆ ಅಮ್ಮನ ಹೆಸರಿಲ್ಲ, ಊರಿನ ಹೆಸರಿಲ್ಲ. ಇದ್ದದ್ದು ಆ ಹಡಗೊಂದೇ. ಅದು ಸುಳ್ಳು ಅಂತ ನೀವು ಹೇಳಿದರೆ ನಾನು ನಗುತ್ತಿದ್ದೆ. ಆ ಮಗುವಿನ ಬಾಯಲ್ಲಿ ಯಾಕೆ ಹೇಳಿಸಿದಿರಿ?"

"ಚಹಾ ಕುಡಿ" ಎಂದೆ. ಎಂಥ ಮಾತು! ಆಕೆ ಮತ್ತೆ ಆಲೂಗಡ್ಡೆ ಹಿಡಿದಳು.

ಸಂಜೆ ಮಗ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಎಂದ. ಸೊಸೆ ತಟ್ಟೆಗಳನ್ನು ಸದ್ದು ಮಾಡಿ ಇಟ್ಟಳು. ಮೊಮ್ಮಗಳು ಊಟವನ್ನು ಆಯಾಳ ಕೋಣೆಗೆ ಒಯ್ದುಕೊಂಡಳು. ಮಲಗುವ ಮುಂಚೆ ನಾನು ಕರೆದರೆ ಬರಲಿಲ್ಲ. ಇಂಗ್ಲಿಷಿನಲ್ಲಿ ಕೂಡ ಉತ್ತರ ಕೊಡಲಿಲ್ಲ.

ಮಾರನೆಯ ದಿನ ಬೆಳಗ್ಗೆ ವ್ಯಾನು ಹೋದ ಮೇಲೆ ನಾನು ಹಿತ್ತಲಿಗೆ ಹೋಗಿ ಆಯಾಳಿಗೆ, "ಬಟ್ಟೆ ಹಾಕಿಕೋ, ಶಾಲೆಗೆ ಹೋಗುವ" ಎಂದೆ.

"ನಿನ್ನೆ ಹಾಕಿಕೊಂಡಿದ್ದೆ" ಎಂದಳು. "ಇವತ್ತು ಇಸ್ತ್ರಿ ಕೆಲಸ ಇದೆ. ನೀವು ಹೋಗಿ."

ಹಾಗಾಗಿ ಒಬ್ಬಳೇ ಹೋದೆ. ಅಷ್ಟು ವರ್ಷದಲ್ಲಿ ಒಬ್ಬಳೇ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿದ್ದು ಅದೇ ಮೊದಲು. ಮನೆಯಲ್ಲಿ ಉಡುವ ಹತ್ತಿಯ ಸೀರೆಯಲ್ಲೇ ಹೋದೆ. ಟೀಚರು ಕ್ಲಾಸಿನ ಬಾಗಿಲಲ್ಲಿ ಸಿಕ್ಕರು. ಮಾತು ತಿರುಗಿಸಲು ಯಾರೂ ಇರಲಿಲ್ಲ. ನನ್ನ ಮಾರುಕಟ್ಟೆಯ ಸ್ವಾಹಿಲಿಯಲ್ಲಿ, ನಿನ್ನೆ ನಾನು ಹೇಳಿದ್ದು ಸುಳ್ಳು, ಆ ಚಿತ್ರದ ಹುಡುಗಿ ನಿಜ, ಅವಳ ಮರಿಮಗಳು ನಮ್ಮ ಮನೆಯಲ್ಲಿದ್ದಾಳೆ, ಬರಬೇಕಾಗಿದ್ದವಳು ಅವಳು, ನಾನು ಬಿಡಲಿಲ್ಲ ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನನಗೆ ಹೇಳಿದರೆ ಆಯಿತೇ ಮಾಮಾ?" ಎಂದರು. ಅಲ್ಲಿ ಮಾಮಾ ಎಂದರೆ ಅಮ್ಮ. ಬಾಗಿಲು ಪೂರ್ತಿ ತೆಗೆದು, ಒಳಗೆ ಕೈ ತೋರಿಸಿದರು.

ಮಕ್ಕಳೆಲ್ಲ ಎದ್ದು ನಿಂತರು. ಮೊಮ್ಮಗಳು ಮೂರನೆಯ ಬೆಂಚಿನಲ್ಲಿದ್ದಳು. ನಾನು ಕರಿಹಲಗೆಯ ಮುಂದೆ ಹೋಗಿ ನಿಂತು, ಸ್ವಾಹಿಲಿಯಲ್ಲಿ, ಮೊದಲಿನಿಂದ ಇನ್ನೊಮ್ಮೆ ಹೇಳಿದೆ.